ತಾಯ ಹಾಲು ಮತ್ತು ಲೋಕದ ನಾಚಿಕೆ



ಕೆಲವು ತಿಂಗಳ ಹಿಂದೆ ಬೆಂಗಳೂರಿನ ಸಂಜಯನಗರದ ಭಕ್ತರೊಬ್ಬರ ಮನೆಗೆ ಶಿಶುವಿನ ನಾಮಕರಣದ ನಿಮಿತ್ತ ನಾವು ಹೋಗಿದ್ದೆವು. ಪೂಜೆ ಮುಗಿದು ಎಲ್ಲರೂ ನಡುಮನೆಯಲ್ಲಿ ಕುಳಿತಿರುವಾಗ ಮಗು ಹಸಿದು ಅಳತೊಡಗಿತು. ತಾಯಿ ಸೆರಗನ್ನು ಹೊದ್ದು ಅದನ್ನು ಮಡಿಲಿಗೆ ತೆಗೆದುಕೊಳ್ಳುವಷ್ಟರಲ್ಲಿ ಮನೆಯ ಹಿರಿಯರು, "ಸ್ವಾಮಿಗಳು ಕುಳಿತಿದ್ದಾರೆ, ಸ್ವಲ್ಪ ತಡೆ" ಎಂದರು. ಕೋಣೆಗಳಲ್ಲೆಲ್ಲ ನೆಂಟರು ತುಂಬಿದ್ದರು. ಕೂಸಿನ ಹಸಿವಿಗೆ ಅಡ್ಡವಾಗಿ ಕುಳಿತವರು ನಾವೇ ಎಂಬುದು ನಮಗೆ ಹೊಳೆಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಈ ಸಂಕೋಚ ನಮ್ಮಲ್ಲಿಗೆ ಎಲ್ಲಿಂದ ಬಂದಿತು?

ಶರಣಪರಂಪರೆಯಿಂದಂತೂ ಅಲ್ಲ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಬೆಜ್ಜಮಹಾದೇವಿಯ ಕಥೆಯಿದೆ. ಶಿವನಿಗೆ ತಾಯಿಯಿಲ್ಲವೆಂದು ಮರುಗಿ, ತಾನೇ ತಾಯಾಗಿ ಅವನಿಗೆ ಮೊಲೆಯೂಡಲು ಹೊರಟವಳು ಆಕೆ. ಭೀಮಕವಿ 1369ರಲ್ಲಿ ಆ ಪುರಾಣವನ್ನು ಕನ್ನಡಕ್ಕೆ ತಂದನು. ಅಂದಿನಿಂದ ಅದನ್ನು ಕೇಳುತ್ತ ಬಂದವರು ಆ ಕಥೆಗೆ ತಲೆತಗ್ಗಿಸಲಿಲ್ಲ, ಕೈಮುಗಿದರು.

ಹಾಗೆಂದು ಹಳೆಯದೆಲ್ಲವೂ ಸರಿಯೆನ್ನಲಾಗದು. ಹೆರಿಗೆಯಾದೊಡನೆ ಬರುವ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿತ್ತು. ವಿಚಾರ ಮಾಡಿ ನೋಡಿ: ಹಸು ಈದರೆ ಅದರ ಗಿಣ್ಣನ್ನು ನೆರೆಮನೆಗೂ ಹಂಚಿ ಉಂಡೆವು, ತಾಯಿಯ ಗಿಣ್ಣನ್ನು ಮಾತ್ರ ಮಣ್ಣಿಗೆ ಚೆಲ್ಲಿದೆವು! ಆ ಹಳದಿ ಹಾಲೇ ಶಿಶುವಿಗೆ ರೋಗನಿರೋಧಕ ಶಕ್ತಿಯನ್ನು ಕೊಡುವ ಮೊದಲ ರಕ್ಷೆಯೆಂದೂ, ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಉಣಿಸಬೇಕೆಂದೂ, ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕೆಂದೂ ವೈದ್ಯಶಾಸ್ತ್ರ ಹೇಳುತ್ತದೆ.

ಅಜ್ಞಾನದ ಜೊತೆಗೆ ವ್ಯಾಪಾರವೂ ಸೇರಿತು. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಶಿಶುಗಳಿಗಾಗಿ ಹಾಲುಹಿಟ್ಟನ್ನು ತಯಾರಿಸಿದನು. ನಮ್ಮ ಮೈಸೂರಿನಲ್ಲಿಯೇ, 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿತು. ಅಮುಲ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ತಾಯಿಯಿಲ್ಲದ ಕೂಸಿಗೆ ಇಂಥ ಪುಡಿ ಪ್ರಾಣವನ್ನೇ ಉಳಿಸಬಲ್ಲುದು. ದೋಷವಿದ್ದದ್ದು ಡಬ್ಬಿಯಲ್ಲಲ್ಲ, ಡಬ್ಬಿಯೇ ನಾಗರಿಕತೆಯೆಂದು ನಂಬಿಸಿದ ಜಾಹೀರಾತಿನಲ್ಲಿ. ಗುಂಡುಗೆನ್ನೆಯ ಮಗುವಿನ ಚಿತ್ರ ನೋಡಿ, ಹಾಲಿದ್ದ ತಾಯಂದಿರೂ ಸೀಸೆಯನ್ನು ಹಿಡಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಈ ಪ್ರಚಾರಕ್ಕೆ ಅಂಕುಶ ಹಾಕುವ ಸಂಹಿತೆಯನ್ನು ಅಂಗೀಕರಿಸಿದಾಗ ಪರವಾಗಿ 118 ರಾಷ್ಟ್ರಗಳೂ ವಿರೋಧವಾಗಿ ಅಮೆರಿಕವೊಂದೂ ಮತ ನೀಡಿದವು. ಭಾರತವು 1992ರಲ್ಲಿ ಕಾನೂನನ್ನೇ ಮಾಡಿ ಇಂಥ ಜಾಹೀರಾತನ್ನು ನಿಷೇಧಿಸಿತು. ಡಬ್ಬಿಯ ಮೇಲೆ ಶಿಶುವಿನ ಚಿತ್ರವೂ ಕೂಡದೆಂದಿತು.

ಆದರೆ ಜಾಹೀರಾತನ್ನು ನಿಲ್ಲಿಸಿದಷ್ಟು ಸುಲಭವಾಗಿ ಜನರ ದೃಷ್ಟಿಯನ್ನು ತಿದ್ದಲಾದೀತೇ? ಹೊಲದ ಬದುವಿನಲ್ಲಿ, ಜಾತ್ರೆಯ ಮರದಡಿಯಲ್ಲಿ ನಿಸ್ಸಂಕೋಚವಾಗಿ ಹಾಲೂಡಿದವರ ಮೊಮ್ಮಗಳು ಇಂದು ನಗರದ ಬಸ್ ನಿಲ್ದಾಣದಲ್ಲಿ ಮರೆ ಹುಡುಕುತ್ತಾಳೆ.

ಈಚೆಗೆ ನ್ಯಾಯಾಲಯಗಳೂ ಈ ಕುರಿತು ಮಾತನಾಡಿವೆ. ಬೆಂಗಳೂರಿನಲ್ಲಿ ಹುಟ್ಟಿದೊಡನೆ ಕಳುವಾಗಿ ಬೇರೊಂದು ಮನೆಯಲ್ಲಿ ಬೆಳೆದ ಮಗುವಿನ ಪ್ರಕರಣದಲ್ಲಿ, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು, ಹಾಲೂಡುವುದು ತಾಯಿಯ ಹಕ್ಕು, ಹಾಲುಣ್ಣುವುದು ಶಿಶುವಿನ ಹಕ್ಕು, ಇವು ಸಂವಿಧಾನದ 21ನೆಯ ವಿಧಿಯ ರಕ್ಷಣೆಗೆ ಒಳಪಟ್ಟವು ಎಂದರು. ಸಾಕಿದ ತಾಯಿ ಮಗುವನ್ನು ಹೆತ್ತವಳಿಗೆ ಒಪ್ಪಿಸಿದಳು. ಹೆತ್ತವಳು, ಬೇಕೆಂದಾಗ ಬಂದು ಮಗುವನ್ನು ನೋಡೆಂದಳು. ಇಬ್ಬರೂ ಬೇರೆ ಬೇರೆ ಮತದವರು. ಧರ್ಮವೆಂದರೆ ಇದಲ್ಲವೇ? 2025ರ ಫೆಬ್ರವರಿಯಲ್ಲಿ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ಸಾರ್ವಜನಿಕ ಸ್ಥಳದಲ್ಲಿ ಹಾಲೂಡುವುದನ್ನು ಕಳಂಕವೆಂದು ಕಾಣಬಾರದೆಂದು ಹೇಳಿತು.

ಓದುಗರೇ, ಮನುಷ್ಯರು ಕಟ್ಟಿದ ನಾಚಿಕೆಯನ್ನು ಮನುಷ್ಯರೇ ಕಳಚಬಹುದು. ಏಕಾಂತ ಬಯಸುವ ತಾಯಿಗೆ ಕೋಣೆಯಿರಲಿ. ಬಯಸದವಳನ್ನು ಕೋಣೆಗೆ ಅಟ್ಟುವುದು ಬೇಡ. ಇನ್ನು ಮುಂದೆ ನಾವು ನಿಮ್ಮ ಮನೆಗೆ ಬಂದಾಗ ಕೂಸು ಅತ್ತರೆ, ಮೊದಲು ಅದರ ಹಸಿವು ತೀರಲಿ. ನಮ್ಮ ಪಾದಪೂಜೆ ಕಾಯಬಲ್ಲುದು, ಕೂಸು ಕಾಯಲಾರದು.