ಒಕ್ಕಲುಮನೆತನದ ಪೂರ್ವಜರೂ ಹಳೆಯ ದಫ್ತರಗಳೂ

ಬಹು ಕಾಲದವರೆಗೆ ಚರಿತ್ರವೆಂದರೆ ಅರಸರ ಚರಿತ್ರವೆಂದೇ ಜನರು ತಿಳಿಯುತ್ತಿದ್ದರು. ಶಿಲಾಶಾಸನಗಳೂ ತಾಮ್ರಪಟಗಳೂ ಭೂಮಿಯನ್ನು ದತ್ತಿಯಾಗಿ ಕೊಟ್ಟವರ ಕೀರ್ತಿಯನ್ನು ಹೇಳುವವು. ಆ ಭೂಮಿಯನ್ನು ಉತ್ತು ಬಿತ್ತಿ, ಬೆಳೆದುದರಲ್ಲಿ ಮಠಕ್ಕೂ ಸರಕಾರಕ್ಕೂ ಪಾಲು ಸಲ್ಲಿಸಿದ ಒಕ್ಕಲಿಗನ ಹೆಸರು ಅವುಗಳಲ್ಲಿ ದೊರೆಯುವದು ಬಹು ವಿರಳ. ಅವನ ನೆನಪು ಮನೆಯ ಹಿರಿಯರ ಬಾಯಲ್ಲಿ ಎರಡು ಮೂರು ತಲೆಮಾರು ಬಾಳಿ ಅನಂತರ ಮಾಸಿಹೋಗುವದು. ಆದರೆ ಕುಂಪಣಿ ಸರಕಾರದ ಕಾಲದಿಂದೀಚೆಗೆ ಬಾಳಿದ ಒಕ್ಕಲಿಗನನ್ನು ಹುಡುಕುವದಕ್ಕೆ ಎರಡು ಬಗೆಯ ಕಾಗದಗಳು ಸಹಾಯಕವಾಗುವವು. ಮೊದಲನೆಯದು ಕಂದಾಯದ ದಫ್ತರ, ಎರಡನೆಯದು ಮೃತ್ಯುಪತ್ರ. ಅವನು ಸರಕಾರಕ್ಕೆ ಕೊಡಬೇಕಾದುದನ್ನು ಒಂದು ಹೇಳುವದು; ತನ್ನವರಿಗೆ ಏನನ್ನು ಕೊಡಬಯಸಿದನೆಂಬುದನ್ನು ಮತ್ತೊಂದು ಹೇಳುವದು.

ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ಈ ಶೋಧಕ್ಕೆ ಒಳ್ಳೆಯ ಅನುಕೂಲವಿರುವದು. ಕಡೆಯ ಪೇಶವೆಯಾದ ಎರಡನೆಯ ಬಾಜಿರಾಯನ ಕಾಲದಲ್ಲಿ ಕಂದಾಯ ವಸೂಲಿಯನ್ನು ಹೆಚ್ಚು ಹಣ ಕೊಡುವವರಿಗೆ ಇಜಾರೆ ಕೊಡುವ ರೂಢಿಯಿದ್ದಿತು. ೧೮೧೮ರಲ್ಲಿ ಆ ಆಳಿಕೆಯು ಮುಗಿದ ತರುವಾಯ ಈ ಸೀಮೆಯ ಬಹುಭಾಗವು ಕುಂಪಣಿಯ ಆಡಳಿತಕ್ಕೆ ಸೇರಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆಯ ಸೀಮೆಯ ಇಂದಾಪುರದಲ್ಲಿ ೧೮೩೫ರ ಸುಮಾರಿಗೆ ಆರಂಭಿಸಿದ ಭೂಮಾಪನದ ಪದ್ಧತಿಯು ೧೮೪೦ರ ದಶಕದಲ್ಲಿ ಧಾರವಾಡ ಪ್ರಾಂತಕ್ಕೆ ಬಂದಿತು. ೧೮೪೭ರ ಜಂಟಿ ವರದಿಯಿಂದ ಅದಕ್ಕೆ ಸ್ಥಿರವಾದ ನಿಯಮಗಳು ಏರ್ಪಟ್ಟವು.

ಆ ವರೆಗೆ ಹೊಲದ ಅಳತೆಯು ಕೂರಿಗೆಯ ಲೆಕ್ಕದಲ್ಲಿ, ಅಂದರೆ ಒಂದು ದಿನದಲ್ಲಿ ಬಿತ್ತಬಹುದಾದ ನೆಲದ ಲೆಕ್ಕದಲ್ಲಿ ನಡೆಯುತ್ತಿದ್ದಿತು. ಈಗ ೩೩ ಅಡಿಯ ಸರಪಳಿಯು ಹೊಲಕ್ಕೆ ಇಳಿಯಿತು. ಆ ಸರಪಳಿಯ ಒಂದು ಚೌಕವು ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಹೊಲಹೊಲಕ್ಕೂ ನಂಬರು ಬಿದ್ದಿತು. ಗಡಿಗೆ ಬಾಂದುಕಲ್ಲುಗಳು ನಿಂತವು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ೧೬ ಆಣೆಯಿಂದ ೨ ಆಣೆಯವರೆಗೆ ಒಂಬತ್ತು ತರಗತಿಗಳನ್ನು ಎಣಿಸಿದರು. ಹೀಗೆ ನಿಶ್ಚಯಿಸಿದ ಆಕಾರವು ಸಾಮಾನ್ಯವಾಗಿ ೩೦ ವರುಷ ಬದಲಾಗಬಾರದೆಂದು ಕಟ್ಟಳೆಯಾಯಿತು. ಆದಕಾರಣ ಪೂರ್ವಜನ ಸರ್ವೆ ನಂಬರು ದೊರೆತರೆ ಸಾಕು. ಅವನ ನೆಲವು ಆಳವಾದ ಎರೆಯೋ ತೆಳುವಾದ ಮಸಾರಿಯೋ, ಅವನು ತೆತ್ತ ಹಣವು ಹಗುರವೋ ಭಾರವೋ ಎಂಬುದು ತಿಳಿದುಬರುವದು.

ಹೆಸರಿನ ಗುರುತು ಮಾತ್ರ ಅಷ್ಟು ಸುಲಭವಲ್ಲ. ಹಳೆಯ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯಲ್ಲಿರುವವು. ಕಾಲವನ್ನು ಫಸಲಿಯಲ್ಲಿ ಬರೆದಿದ್ದರೆ ಅದಕ್ಕೆ ೫೯೦ನ್ನು ಕೂಡಿಸಬೇಕು. ಫಸಲಿ ೧೨೫೩ ಎಂದರೆ ೧೮೪೩-೪೪ನೆಯ ವರುಷ. ‘ಬಿನ್’ ಎಂದಲ್ಲಿ ಇಂಥವರ ಮಗನೆಂದೂ, ‘ಕೋಂ’ ಎಂದಲ್ಲಿ ಇಂಥವರ ಹೆಂಡತಿಯೆಂದೂ ತಿಳಿಯಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೊಂದರಲ್ಲಿ ಮರಳಿ ಬರುವದು. ಬಸಪ್ಪ ಬಿನ್ ಕಲ್ಲಪ್ಪ ಎಂಬಾತನು ಅರುವತ್ತು ವರುಷಗಳ ಅಂತರದಲ್ಲಿ ಎರಡು ಸಲ ಕಂಡರೆ ಅವನು ಒಬ್ಬನೇ ಎಂದು ಭ್ರಮಿಸಲಾಗದು. ಹೆಸರಿಗಿಂತ ಹೊಲವನ್ನು ಹಿಡಿದು ಹೋಗುವದೇ ಕ್ಷೇಮ. ಮನುಷ್ಯರು ಬದಲಾಗುವರು, ಚಕ್ಕಬಂದಿಯು ಬೇಗನೆ ಬದಲಾಗುವದಿಲ್ಲ.

ಇನ್ನೊಂದು ಮಾತು ಮಠದ ಭಕ್ತರಿಗೆ ವಿಶೇಷವಾಗಿ ತಿಳಿದಿರಬೇಕು. ಮಠದ ಇನಾಮು ಭೂಮಿಯನ್ನು ಸಾಗು ಮಾಡುತ್ತಿದ್ದವನ ಹೆಸರು ಸರಕಾರಿ ಖಾತೆಯಲ್ಲಿ ಕಾಣದೆ ಇರಬಹುದು. ಅಲ್ಲಿ ಇನಾಮುದಾರನೆಂದು ಮಠದ ಹೆಸರೇ ಇರುವದು. ಅಂಥ ಒಕ್ಕಲಿಗನನ್ನು ಮಠದ ಲೆಕ್ಕದ ಪುಸ್ತಕಗಳಲ್ಲಿಯೇ ಹುಡುಕಬೇಕು.

ಕಂದಾಯದ ಅಂಕಿಗಳನ್ನು ಕಾಲದ ಬೆಳಕಿನಲ್ಲಿ ಓದದಿದ್ದರೆ ಪೂರ್ವಜನಿಗೆ ಅನ್ಯಾಯವಾಗುವ ಸಂಭವವುಂಟು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಅರಳೆಯು ನಿಂತಾಗ ಧಾರವಾಡದ ಅರಳೆಗೆ ಎಂದೂ ಇಲ್ಲದ ಬೆಲೆ ಬಂದಿತು. ಆ ವರುಷಗಳಲ್ಲಿ ಹೊಸ ಹೊಲವು ಖಾತೆಗೆ ಸೇರಿದ್ದರೆ ಅದರ ಕಾರಣವನ್ನು ಅಲ್ಲಿ ಹುಡುಕಬಹುದು. ಯುದ್ಧವು ಮುಗಿಯುತ್ತಲೇ ಬೆಲೆಯು ಇಳಿಯಿತು. ಮುಂದೆ ೧೮೭೬ರಿಂದ ೧೮೭೮ರ ವರೆಗೆ ಘೋರವಾದ ಬರಗಾಲವು ಈ ನಾಡನ್ನು ಹಾಳುಗೆಡವಿತು. ದನಗಳು ಸತ್ತವು, ಜನರು ಊರು ಬಿಟ್ಟರು.

ಭೂಮಿಯನ್ನು ಇಟ್ಟುಕೊಳ್ಳಲಾರದ ರೈತನು ಸರಕಾರಕ್ಕೆ ರಾಜೀನಾಮೆ ಬರೆದುಕೊಟ್ಟು ಹೊಲವನ್ನು ಬಿಡಬಹುದಾಗಿದ್ದಿತು. ಅದನ್ನು ಹಿಡಿಯುವವನು ಕಬೂಲಾಯತಿ ಬರೆದುಕೊಡುತ್ತಿದ್ದನು. ‘ನಮ್ಮ ಮುತ್ತಜ್ಜನು ಹೊಲ ಕಳೆದನು’ ಎಂಬ ಅಪವಾದವು ಮನೆಯಲ್ಲಿ ಉಳಿದಿದ್ದರೆ, ಆ ರಾಜೀನಾಮೆಯು ಯಾವ ವರುಷದ್ದೆಂಬುದನ್ನು ಮೊದಲು ನೋಡತಕ್ಕದ್ದು. ಅದು ಬರಗಾಲದ ವರುಷದ್ದಾಗಿ, ಅದೇ ಊರಿನ ಹತ್ತು ಮನೆಗಳವರು ಅದೇ ಕಾಲದಲ್ಲಿ ಹೊಲ ಬಿಟ್ಟುದು ಕಂಡರೆ, ಅವನು ದುಂದುಗಾರನೆಂಬ ಮಾತು ನಿಲ್ಲಲಾರದು. ಅದರಂತೆ ಊರಿಗೇ ಒಡೆಯನಾಗಿದ್ದನೆಂದು ಹೊಗಳಿಸಿಕೊಂಡವನ ಖಾತೆಯಲ್ಲಿ ಹನ್ನೆರಡು ಎಕರೆ ಮಾತ್ರವೇ ಕಂಡರೂ ಲಜ್ಜೆಪಡಬೇಕಾದುದಿಲ್ಲ. ಹನ್ನೆರಡು ಎಕರೆಯಲ್ಲಿ ಮಕ್ಕಳನ್ನು ಸಾಕಿ, ಬಂದ ಜಂಗಮರಿಗೆ ಉಣಬಡಿಸಿದವನ ಬಾಳು ಸಣ್ಣದಲ್ಲ.

ಇನ್ನು ಮೃತ್ಯುಪತ್ರದ ವಿಷಯ. ಒಕ್ಕಲಿಗರಲ್ಲಿ ಅದು ಅಪರೂಪವಾಗಿರುವದಕ್ಕೆ ತಕ್ಕ ಕಾರಣವುಂಟು. ಕೂಡಿದ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿಯ ತನ್ನ ಪಾಲನ್ನು ಮೃತ್ಯುಪತ್ರದಿಂದ ಕೊಡುವ ಅಧಿಕಾರವು ಆ ಕಾಲದ ಹಿಂದೂ ನ್ಯಾಯದಂತೆ ಯಜಮಾನನಿಗೆ ಇರಲಿಲ್ಲ. ಉಳಿದ ಪಾಲುದಾರರಿಗೆ ಅದು ತಾನಾಗಿಯೇ ಸಲ್ಲುತ್ತಿದ್ದಿತು. ಆದುದರಿಂದ ಸ್ವಾರ್ಜಿತ ಉಳ್ಳವನು, ಭಾಗವಾಗಿ ಬೇರೆಯಾದವನು, ಗಂಡುಸಂತಾನವಿಲ್ಲದವನು, ಇಂಥವರೇ ಬಹುಶಃ ಅದನ್ನು ಬರೆಯಿಸಿದರು. ಹಳ್ಳಿಗಾಡಿನ ಹಿಂದೂ ಜನರಲ್ಲಿ ೧೯೨೭ಕ್ಕೆ ಮುಂಚೆ ಬಾಯಿಮಾತಿನ ಮೃತ್ಯುಪತ್ರವೂ ನಡೆಯುತ್ತಿದ್ದಿತು. ನೋಂದಣಿಯು ಕಡ್ಡಾಯವಾಗಿರಲಿಲ್ಲ. ನೋಂದಾಯಿಸಿದವುಗಳನ್ನು ೧೯೦೮ರ ಕಾಯಿದೆಯಂತೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮೂರನೆಯ ಪುಸ್ತಕದಲ್ಲಿ ಬರೆದಿಡುವರು. ದತ್ತಕದ ಅಧಿಕಾರಪತ್ರಗಳೂ ಅಲ್ಲಿಯೇ ಇರುವವು. ಬರೆದವನು ತೀರಿದ ಮೇಲೆ ಅದರ ನಕಲನ್ನು ಯಾರು ಬೇಡಿದರೂ ಪಡೆಯಬಹುದು.

ಕಂದಾಯದ ಕಡತವು ಮುಟ್ಟದ ಸಂಗತಿಗಳನ್ನು ಮೃತ್ಯುಪತ್ರವು ಮುಟ್ಟುವದು. ಹೆಂಡತಿಯ ಅನ್ನವಸ್ತ್ರಕ್ಕೆ ಯಾವ ಹೊಲ, ಮಗಳಿಗೆ ಯಾವ ಒಡವೆ, ಯಾರ ಸಾಲ ತೀರಿಸಬೇಕು, ಮಠದ ದಾಸೋಹಕ್ಕೆ ಎಷ್ಟು ಜೋಳ ಎಂಬುದನ್ನು ಅದು ಹೇಳಬಲ್ಲದು. ಒಂದು ಮೃತ್ಯುಪತ್ರವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಶಿರಸಂಗಿಯ ಲಿಂಗರಾಜ ದೇಸಾಯರೇ ಸಾಕ್ಷಿ. ೧೮೬೧ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿಯ ಮನೆತನಕ್ಕೆ ದತ್ತಕರಾಗಿ ಹೋದ ಅವರು ೧೯೦೬ರಲ್ಲಿ ಲಿಂಗೈಕ್ಯರಾದರು. ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದಿಂದ ಬಿಟ್ಟುಹೋದುದರಿಂದ ಅವರು ತ್ಯಾಗವೀರರೆನಿಸಿದರು.

ಈ ಎರಡು ಕಾಗದಗಳೂ ಎಲ್ಲವನ್ನೂ ಹೇಳುವವೆಂದು ತಿಳಿಯಲಾಗದು. ಖಾತೆಯು ಯಜಮಾನನೊಬ್ಬನನ್ನು ಬರೆದು ಅವನ ತಮ್ಮಂದಿರನ್ನು ಮರೆಯುವದು. ಕಳೆ ತೆಗೆದ ಹೆಂಗಸರನ್ನೂ, ಜೀತದಾಳನ್ನೂ, ಕೋರಿಗೆ ಮಾಡಿದವನನ್ನೂ ಅದು ಕಾಣದು. ೧೯೦೩ರ ಮುಂಬಯಿ ಕಾಯಿದೆಯಿಂದ ಹಕ್ಕುಪತ್ರಕವು ಬಂದ ಮೇಲೆಯೇ ಒತ್ತೆ, ಗೇಣಿ ಮೊದಲಾದವು ಕ್ರಮವಾಗಿ ಬರಹಕ್ಕೆ ಬಂದವು. ವಿಧವೆಯ ಹೆಸರು ‘ಕೋಂ’ ಎಂದು ಖಾತೆಗೆ ಏರಿದಲ್ಲಿ ಆ ಒಂದು ಸಾಲನ್ನು ಎರಡು ಸಲ ಓದಬೇಕು. ಒಂದು ಮನೆತನವು ಅಳಿಯದಂತೆ ಹಿಡಿದು ನಿಲ್ಲಿಸಿದವಳು ಅವಳೇ ಆಗಿರಬಹುದು.

ಇಂಥ ಕಾಗದಗಳು ಅನೇಕ ಮನೆಗಳ ಗಂಟುಗಳಲ್ಲಿ ಇಂದಿಗೂ ಇರುವವು. ಗೆದ್ದಲಿಗೂ ಮಳೆಗೂ ಅವು ಬಲಿಯಾದರೆ ಮತ್ತೆ ಹುಟ್ಟಲಾರವು. ಮೋಡಿಯನ್ನು ಓದಬಲ್ಲವರೂ ವಿರಳರಾಗಿರುವರು. ಓದಬಲ್ಲವರಿಂದ ಓದಿಸಿ, ನಕಲು ಮಾಡಿಸಿ, ಮನೆಯ ಹಿರಿಯರ ಮಾತನ್ನೂ ಅದರ ಬದಿಯಲ್ಲಿ ಬರೆದಿಡುವದು ಮಕ್ಕಳ ಕರ್ತವ್ಯವು. ಪೂರ್ವಜನನ್ನು ದೊಡ್ಡವನನ್ನಾಗಿ ಮಾಡುವದು ಪಿತೃಋಣವನ್ನು ತೀರಿಸುವ ದಾರಿಯಲ್ಲ. ಅವನು ಇದ್ದಂತೆ ಅವನನ್ನು ಕಾಣುವದೇ ಆ ಋಣದ ಸಂದಾಯವು.