ಕಾಕಾನ ಪಂಪ್‌ಸೆಟ್ಟೂ ಕನ್ನಡ ಅಂಕಿಯೂ

ರೋಣದಲ್ಲಿರೋ ಕಾಕಾಗೆ ಪಂಪ್‌ಸೆಟ್ ಬಿಚ್ಚಿ ಕೂಡಿಸೋ ಕ್ರಮವನ್ನ ಮಾರ್ಕ್‌ಡೌನ್‌ನಲ್ಲಿ ಬರೆದು ಪುಟ ಮಾಡಿ ಕಳಿಸಿದ್ದೆ. ೧, ೨, ೩ ಅಂತ ಸಾಲುಸಾಲಾಗಿ ಹಾಕಿದ್ದೆಲ್ಲ ಒಂದೇ ಪ್ಯಾರಾ ಆಗಿ ಕಲಸಿಹೋಗಿತ್ತು. "ಫ್ಯೂಸ್ ತೆಗಿ ಅನ್ನೂದು ಎಲ್ಲೈತೋ ತಮ್ಮಾ?" ಅಂದ್ರು. ಕರೆಂಟಿನ ವಿಷಯ, ಎದೆ ಝಲ್ಲೆಂದಿತು.

ಇದರ ಬೇರು ಹಳೇದು. 1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ ಬರೆದ 'ರನ್‌ಆಫ್'ನಲ್ಲಿ ಸಾಲಿನ ಮೊದಲಿಗೆ ಚುಕ್ಕೆ ಇಟ್ಟರೆ ಅದು ಆಜ್ಞೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್‌ರ ವಿಕಿ ಬಂತು. 2004ರಲ್ಲಿ ಜಾನ್ ಗ್ರೂಬರ್‌ರ ಮಾರ್ಕ್‌ಡೌನ್. ಇಮೇಲಿನಲ್ಲಿ ಜನ ಟೈಪಿಸುತ್ತಿದ್ದ ರೂಢಿಯೇ ಅದಕ್ಕೆ ಮಾದರಿ. ಆ ರೂಢಿ ಇಂಗ್ಲಿಷಿನದು ನೋಡಿ! 2014ರ ಕಾಮನ್‌ಮಾರ್ಕ್ ಕೂಡ ಪಟ್ಟಿಗೆ 0ಯಿಂದ 9ರ ಅಂಕಿಗಳನ್ನಷ್ಟೇ ಒಪ್ಪುತ್ತದೆ.

ಈಗ 1, 2 ಅಂತಲೇ ಬರೆದು ಸ್ಟೈಲ್‌ಶೀಟಿನಲ್ಲಿ ಕನ್ನಡ ಅಂಕಿ ಕೇಳಿದ್ದೇನೆ. ಕಾಕಾಗೆ ೧ ಕಾಣಿಸಿತು. ಅದರ ಮುಂದೆ ಫ್ಯೂಸ್.