ಕಾಯಕ ತತ್ತ್ವ ಮತ್ತು ಶಿಕ್ಷಣ

ಶಾಲೆಯ ಪಾಠಪಟ್ಟಿಯನ್ನು ಅಧಿಕಾರಿಗಳು ಬರೆಯುತ್ತಾರೆಂದು ನಾವು ತಿಳಿದಿದ್ದೇವೆ. ಆದರೆ ಅದರ ಹಿಂದೆ ಒಂದು ತತ್ತ್ವ ಇದ್ದೇ ಇರುತ್ತದೆ. ಮನುಷ್ಯನೆಂದರೆ ಯಾರು, ಅವನ ಬಾಳಿನ ಗುರಿ ಯಾವುದು ಎಂಬ ಪ್ರಶ್ನೆಗೆ ಸಮಾಜ ಕೊಟ್ಟ ಉತ್ತರವೇ ಮಗುವಿನ ಕೈಗೆ ಪಾಠವಾಗಿ ಬರುತ್ತದೆ.

1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯನ್ನು ಬರೆದನು. ಉಪಯುಕ್ತ ಜ್ಞಾನವೆಲ್ಲ ಇಂಗ್ಲಿಷಿನಲ್ಲಿದೆ, ಆಳುವವರಿಗೂ ಜನರಿಗೂ ನಡುವೆ ನಿಲ್ಲುವ ಒಂದು ವರ್ಗ ಬೇಕು ಎಂಬುದು ಅವನ ನಿಲುವು. ಬರಬರುತ್ತ ಶಾಲೆಯೆಂದರೆ ಪುಸ್ತಕ, ಪರೀಕ್ಷೆ, ನೌಕರಿ ಎಂದಾಯಿತು. ಓದಿದವನು ನೇಗಿಲು ಮುಟ್ಟಬಾರದೆಂಬ ಭಾವನೆ ಬಲಿಯಿತು. ಇದಕ್ಕೆ ಮೆಕಾಲೆಯೊಬ್ಬನನ್ನೇ ದೂರುವುದು ನ್ಯಾಯವಲ್ಲ. ಬೆವರಿನ ಕೆಲಸ ಕೀಳೆಂಬ ಎಣಿಕೆ ನಮ್ಮಲ್ಲಿ ಮೊದಲೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಎದುರಿಸಿದ್ದು ಇದನ್ನೇ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಇವರೆಲ್ಲ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಅಲ್ಲಿ ದುಡಿಮೆಗೂ ಅರಿವಿಗೂ ನಡುವೆ ಗೋಡೆ ಇರಲಿಲ್ಲ.

ಆ ಗೋಡೆಯನ್ನು ಶಾಲೆಯೊಳಗೆ ಕೆಡವಲು ನಮ್ಮ ಕಾಲಕ್ಕೆ ಹತ್ತಿರದಲ್ಲಿ ಯತ್ನಿಸಿದವರು ಗಾಂಧೀಜಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಡಾ. ಜಾಕಿರ್ ಹುಸೇನರ ಸಮಿತಿ ಏಳು ವರ್ಷದ ಪಾಠಕ್ರಮವನ್ನು ಸಿದ್ಧಪಡಿಸಿತು. ಕಲಿಕೆಯೆಲ್ಲ ಮಾತೃಭಾಷೆಯಲ್ಲಿ. ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷ ಕೈಕಸುಬಿಗೆ ಮೀಸಲು. ಕಸುಬು ಬೇರೆ, ಪಾಠ ಬೇರೆ ಅಲ್ಲ. ಮಗು ತಕಲಿಯಿಂದ ನೂಲು ತೆಗೆಯುತ್ತ ಅಳತೆ, ಎಣಿಕೆ ಕಲಿಯಬೇಕು. ಹತ್ತಿ ಬೆಳೆಯುವ ನೆಲವನ್ನು ಅರಿಯಬೇಕು. ನೇಯ್ಗೆಯ ಕತೆಯಿಂದ ದೇಶದ ಕತೆ ತಿಳಿಯಬೇಕು. ಇದೇ ಮೂಲಶಿಕ್ಷಣ.

ಇಷ್ಟು ಒಳ್ಳೆಯ ಪದ್ಧತಿ ಏಕೆ ನಿಲ್ಲಲಿಲ್ಲ? ಎಷ್ಟೋ ಶಾಲೆಗಳಲ್ಲಿ ನೂಲುವುದು ವೇಳಾಪಟ್ಟಿಯ ಒಂದು ಪೀರಿಯಡ್ ಆಗಿ ಉಳಿಯಿತು. ತಕಲಿ ತಿರುಗಿತು, ಮನಸ್ಸು ತಿರುಗಲಿಲ್ಲ. ಇದು ಬಡವರ ಮಕ್ಕಳಿಗೆ ಸಾಕು, ನಮ್ಮ ಮಗನಿಗೆ ಕಚೇರಿಯ ಕುರ್ಚಿ ಬೇಕು ಎಂದರು ಉಳ್ಳವರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವೆಂಬ ಹೆಸರಿನಲ್ಲಿ ದುಡಿಮೆಯನ್ನು ಮತ್ತೆ ಪಾಠಕ್ರಮಕ್ಕೆ ತರಲು ಹೇಳಿತು. ಅದಕ್ಕೂ ಪರೀಕ್ಷೆಯ ವಿಷಯಗಳ ಮುಂದೆ ಬೆಲೆ ಬರಲಿಲ್ಲ. ಬೇರು ಕಡಿದು ಟೊಂಗೆ ನೆಟ್ಟರೆ ಚಿಗುರುವುದೆಂತು?

ಆದ್ದರಿಂದ ಸದ್ಭಕ್ತರೆ, ಶಾಲೆ ತಿದ್ದುವ ಮೊದಲು ಮನೆಯ ಮಾತನ್ನು ತಿದ್ದಿಕೊಳ್ಳಿ. "ಓದದಿದ್ದರೆ ದನ ಕಾಯಲು ಹೋಗುತ್ತೀ" ಎಂದು ಮಗುವನ್ನು ಹೆದರಿಸುವ ಮನೆಯಲ್ಲಿ ಕಾಯಕತತ್ತ್ವ ಸತ್ತಂತೆಯೇ. ದನ ಕಾಯುವವನೂ ಓದಲಿ, ಓದಿದವನೂ ಸಗಣಿ ಬಳಿಯಲು ನಾಚದಿರಲಿ. ತಂದೆತಾಯಿಗಳು ನಂಬಿ ನಡೆದದ್ದೇ ಮಕ್ಕಳ ಮೊದಲ ಪಾಠಪಟ್ಟಿ.